ಕೊರಳು ಬಿಡಿಸಿದ ಮೇಲೆ: ಜೀತಮುಕ್ತಿ ಮತ್ತು ದೇವರಾಜ ಅರಸು

ಪವಿತ್ರ ಕುರ್‌ಆನ್‌ನ 90ನೆಯ ಅಧ್ಯಾಯವಾದ ಅಲ್ ಬಲದ್ ಮನುಷ್ಯನ ಮುಂದೆ ಒಂದು ಕಡಿದಾದ ಏರುದಾರಿಯನ್ನು ಇಡುತ್ತದೆ. ಆ ಏರು ಯಾವುದೆಂದು ತಾನೇ ಪ್ರಶ್ನಿಸಿ, ಉತ್ತರವನ್ನೂ ತಾನೇ ಕೊಡುತ್ತದೆ. ಬಂಧನದಲ್ಲಿರುವ ಒಂದು ಕೊರಳನ್ನು ಬಿಡಿಸುವುದು ಅದರಲ್ಲಿ ಮೊದಲನೆಯದು. ಹಸಿವಿನ ದಿನದಲ್ಲಿ ಅನಾಥನಿಗೂ ಮಣ್ಣು ಹಿಡಿದ ಬಡವನಿಗೂ ಉಣಿಸುವುದು ಅದರ ಬೆನ್ನಿಗೇ ಬರುತ್ತದೆ. ಈ ಅಧ್ಯಾಯವನ್ನು ನಾವು ಎಷ್ಟೋ ಬಾರಿ ಓದಿದ್ದೇವೆ, ನಮಾಝಿನಲ್ಲಿ ಕೇಳಿದ್ದೇವೆ. ಆದರೆ ಕೊರಳು ಬಿಡಿಸುವ ಮಾತು ಬಂದಾಗ, ಅದು ಹಳೆಯ ಅರೇಬಿಯಾದ ಸಂಗತಿ, ಇಂದು ನಮಗೆ ಸಂಬಂಧಿಸಿದ್ದಲ್ಲ ಎಂದು ಮನಸ್ಸಿನಲ್ಲಿಯೇ ದಾಟಿಬಿಡುತ್ತೇವೆ.

ನಮ್ಮ ಸುರೇಬಾನ, ರಾಮದುರ್ಗ, ಸವದತ್ತಿ, ಬೈಲಹೊಂಗಲದ ಸೀಮೆಯಲ್ಲಿ ಎಪ್ಪತ್ತು ದಾಟಿದ ಹಿರಿಯರನ್ನು ಕೇಳಿದರೆ ಈ ಭ್ರಮೆ ಕಳಚುತ್ತದೆ. ‘ಜೀತಕ್ಕಿದ್ದ’ ಎಂಬ ಮಾತು ಅವರ ಬಾಯಲ್ಲಿ ಇನ್ನೂ ಸಹಜವಾಗಿದೆ. ಮಗಳ ಮದುವೆಗೆಂದು, ಬರದ ವರ್ಷದ ಜೋಳಕ್ಕೆಂದು ತಂದ ಸಾಲಕ್ಕೆ ಮಗನನ್ನು ಸಾವುಕಾರನ ಮನೆಯಲ್ಲಿ ದನ ಕಾಯಲು ಬಿಡುವುದು. ಬಡ್ಡಿ ಬೆಳೆದು ಅಸಲನ್ನು ಮೀರುವುದು. ತಂದೆಯ ಸಾಲ ಮಗನ ಹೆಗಲಿಗೆ ಬರುವುದು. ಸಂತೆಯಲ್ಲಿ ಯಾರೂ ಅವನನ್ನು ಮಾರಲಿಲ್ಲ. ಆದರೂ ಅವನು ಬಿಟ್ಟು ಹೋಗುವಂತಿರಲಿಲ್ಲ. ಬ್ರಿಟಿಷ್ ಸರಕಾರ 1843ರ ಐದನೆಯ ಕಾಯಿದೆಯಿಂದ ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತು. ಸಾಲದ ರೂಪ ತಾಳಿದ ಗುಲಾಮಗಿರಿಯಾದರೋ ಮುಂದೆ ನೂರಮೂವತ್ತು ವರ್ಷಗಳ ಕಾಲ ಯಾವ ಅಳುಕೂ ಇಲ್ಲದೆ ನಡೆದುಬಂದಿತು.

ಈ ಬಂಧನವನ್ನು ಕರ್ನಾಟಕದಲ್ಲಿ ಕಾನೂನಿನ ಬಲದಿಂದ ಕತ್ತರಿಸಲು ಹೊರಟ ರಾಜಕಾರಣಿ ದೇವರಾಜ ಅರಸು. ಅವರ ಬದುಕನ್ನು ಅರಿಯುವ ಮೊದಲು, ಅವರಿಗಿಂತ ಒಂದು ಶತಮಾನ ಮೊದಲು ದೂರದ ಅಮೆರಿಕದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದ ಇನ್ನೊಬ್ಬ ರಾಜಕಾರಣಿಯನ್ನು ಪರಿಚಯ ಮಾಡಿಕೊಳ್ಳುವುದು ಲೇಸು. ಏಕೆಂದರೆ ಆತ ಸೋತ ಜಾಗದಿಂದಲೇ ನಮ್ಮ ಕಥೆ ಆರಂಭವಾಗುತ್ತದೆ.

ಸ್ಟೀವನ್ಸ್ ಕೇಳಿದ ನಲವತ್ತು ಎಕರೆ

ಥಡ್ಡಿಯಸ್ ಸ್ಟೀವನ್ಸ್ 1792ರ ಏಪ್ರಿಲ್ 4ರಂದು ವರ್ಮಾಂಟ್ ಪ್ರಾಂತದ ಡ್ಯಾನ್‌ವಿಲ್ ಎಂಬ ಊರಿನ ಬಡ ಮನೆಯಲ್ಲಿ ಹುಟ್ಟಿದರು. ಹುಟ್ಟಿನಿಂದಲೇ ಒಂದು ಪಾದ ಸೊಟ್ಟಗಿತ್ತು. ಪೆನ್ಸಿಲ್ವೇನಿಯಾಕ್ಕೆ ಬಂದು ವಕೀಲರಾದರು. ಬಡವರ ಮಕ್ಕಳಿಗೆ ಉಚಿತ ಶಾಲೆ ಬೇಕೆಂಬ ಕಾನೂನನ್ನು ರದ್ದುಮಾಡಲು 1835ರಲ್ಲಿ ಆ ಪ್ರಾಂತದ ಶಾಸಕರು ಮುಂದಾದಾಗ, ಸ್ಟೀವನ್ಸ್ ಎದ್ದು ನಿಂತು ಮಾತನಾಡಿ ಅದನ್ನು ಉಳಿಸಿದರು. ಕರಿಯರ ಮತದಾನದ ಹಕ್ಕನ್ನು ಕಿತ್ತುಕೊಂಡ ಹೊಸ ಪ್ರಾಂತೀಯ ಸಂವಿಧಾನಕ್ಕೆ ಸಹಿ ಹಾಕಲು 1838ರಲ್ಲಿ ನಿರಾಕರಿಸಿದರು. ಒಡೆಯರಿಂದ ತಪ್ಪಿಸಿಕೊಂಡು ಬಂದ ಗುಲಾಮರ ಪರವಾಗಿ ನ್ಯಾಯಾಲಯದಲ್ಲಿ ವಾದಿಸಿದರು. 1848ರಲ್ಲಿ ರಾಷ್ಟ್ರೀಯ ಸಂಸತ್ತಿಗೆ ಆರಿಸಿಬಂದು, ಅಂತರ್ಯುದ್ಧದ ಕಾಲದಲ್ಲಿ ಹಣಕಾಸು ಸಮಿತಿಯ ಅಧ್ಯಕ್ಷರಾದರು. ಆ ಯುದ್ಧದಲ್ಲಿ ದಕ್ಷಿಣದ ಸೇನೆ ಅವರ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟುಹಾಕಿತು. ಅವರು ತಮ್ಮ ನಿಲುವನ್ನು ಬದಲಿಸಲಿಲ್ಲ.

1865ರಲ್ಲಿ ಹದಿಮೂರನೆಯ ತಿದ್ದುಪಡಿ ಅಂಗೀಕಾರವಾಗಿ ಸುಮಾರು 40 ಲಕ್ಷ ಗುಲಾಮರ ಬಿಡುಗಡೆ ಸಂವಿಧಾನದ ಮಾತಾಯಿತು. ಉಳಿದವರು ಹರ್ಷಪಡುತ್ತಿದ್ದ ಹೊತ್ತಿನಲ್ಲಿ ಸ್ಟೀವನ್ಸ್ ಮುಂದಿನ ಪ್ರಶ್ನೆಯನ್ನು ಎತ್ತಿದರು. ಬಿಡುಗಡೆಯಾದವನು ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗಬೇಕು? ಅವನಿಗೆ ಹೊಲವಿಲ್ಲ, ಮನೆಯಿಲ್ಲ, ಎತ್ತಿಲ್ಲ. ಹಳೆಯ ಒಡೆಯನ ಬಾಗಿಲಿಗೇ ಅವನು ಮರಳಬೇಕಾದರೆ ಬಿಡುಗಡೆಗೆ ಅರ್ಥವೇನು? ದಂಗೆಯೆದ್ದ ದೊಡ್ಡ ಜಮೀನುದಾರರ ನೆಲವನ್ನು ವಶಪಡಿಸಿಕೊಂಡು ಬಿಡುಗಡೆಯಾದ ಕುಟುಂಬಗಳಿಗೆ ತಲಾ 40 ಎಕರೆ ಕೊಡಬೇಕೆಂದು ಅವರು ವಾದಿಸಿದರು. ಅವರ ಪಕ್ಷದವರೇ ಅದನ್ನು ಒಪ್ಪಲಿಲ್ಲ. ಸೇನೆ ಕೆಲವೆಡೆ ಹಂಚಿದ್ದ ನೆಲವನ್ನೂ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಿಂದಿನ ಒಡೆಯರಿಗೆ ಮರಳಿಸಿದರು. 1868ರ ಆಗಸ್ಟ್ 11ರಂದು ಸ್ಟೀವನ್ಸ್ ತೀರಿಕೊಂಡರು. ಬಣ್ಣದ ಭೇದವಿಲ್ಲದೆ ಎಲ್ಲರನ್ನೂ ಮಣ್ಣು ಮಾಡುವ ಒಂದು ಚಿಕ್ಕ ಸ್ಮಶಾನವನ್ನು ಅವರು ತಮಗಾಗಿ ಆರಿಸಿಕೊಂಡಿದ್ದರು. ಅತ್ತ ಬಿಡುಗಡೆಯಾದ ಜನ ಹಳೆಯ ಒಡೆಯರ ಹೊಲದಲ್ಲಿಯೇ ಪಾಲಿಗೆ ದುಡಿಯುತ್ತ, ಬೀಜಕ್ಕೂ ಹಿಟ್ಟಿಗೂ ಸಾಲ ಮಾಡುತ್ತ, ಆ ಸಾಲದಲ್ಲಿಯೇ ಮತ್ತೊಮ್ಮೆ ಸಿಲುಕಿದರು.

ಇಲ್ಲಿ ನಾವು ಒಂದು ಸಂಗತಿಯನ್ನು ಸ್ಮರಿಸಬಹುದು. ಟ್ಯುನೀಶಿಯಾದ ದೊರೆ ಅಹ್ಮದ್ ಬೇ 1846ರಲ್ಲಿಯೇ, ಅಂದರೆ ಅಮೆರಿಕಕ್ಕಿಂತ 19 ವರ್ಷ ಮೊದಲು, ತನ್ನ ನಾಡಿನಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ್ದನು. 1864ರಲ್ಲಿ ಟ್ಯೂನಿಸ್ ನಗರಸಭೆಯ ಮುಖ್ಯಸ್ಥರಾಗಿದ್ದ ಹುಸೈನ್ ಎಂಬವರು ಅಮೆರಿಕದ ರಾಯಭಾರಿಗೆ ಪತ್ರ ಬರೆದು, ನೀವೂ ಈ ಪದ್ಧತಿಯನ್ನು ಕೈಬಿಡಿರೆಂದು ಬೋಧಿಸಿದರು. ಇದು ನಮಗೆ ಸಂತೋಷದ ವಿಷಯ. ಹಾಗೆಂದು ಇಲ್ಲಿಗೇ ನಿಂತು ಹೆಮ್ಮೆಪಡುವುದು ಪ್ರಾಮಾಣಿಕತೆಯಲ್ಲ. ದಖ್ಖನಿನ ಸುಲ್ತಾನರ ಆಸ್ಥಾನಗಳಿಗೂ ಆಫ್ರಿಕದಿಂದ ಗುಲಾಮರು ಬರುತ್ತಿದ್ದರು. ಅವರಲ್ಲಿ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತವನ್ನೇ ನಡೆಸಿದನು. ಇಖ್ಲಾಸ್ ಖಾನ್ ವಿಜಾಪುರದಲ್ಲಿ ಮಂತ್ರಿಯಾದನು. ಆದರೆ ಅಷ್ಟು ಎತ್ತರಕ್ಕೆ ಏರಿದವರು ಕೆಲವೇ ಮಂದಿ. ಗೋವೆಯ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಕಾಡು ಸೇರಿದ ಸಿದ್ದಿಗಳ ಮಕ್ಕಳು ಕಿತ್ತೂರಿಗೆ ದೂರವಲ್ಲದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲಿ ಇಂದಿಗೂ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ನಮ್ಮ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಮಾಝ್ ಮಾಡುವ ಮುಸ್ಲಿಮರೂ ಇದ್ದಾರೆ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ.

ಹುಣಸೂರಿನಿಂದ ವಿಧಾನಸೌಧಕ್ಕೆ

ದೇವರಾಜ ಅರಸು 1915ರ ಆಗಸ್ಟ್ 20ರಂದು ಮೈಸೂರು ಜಿಲ್ಲೆಯ ಹುಣಸೂರು ತಾಲೂಕಿನ ಕಲ್ಲಹಳ್ಳಿಯಲ್ಲಿ ಜನಿಸಿದರು. ಅರಸು ಸಮುದಾಯ ಮೈಸೂರಿನ ರಾಜಮನೆತನದೊಂದಿಗೆ ನಂಟುಳ್ಳದ್ದು. ಆದರೆ ಸಂಖ್ಯೆಯಲ್ಲಿ ಬಹಳ ಚಿಕ್ಕದು. ಬಿ.ಎಸ್ಸಿ. ಪದವಿ ಪಡೆದ ತರುಣ ಸರಕಾರಿ ಹುದ್ದೆಯನ್ನು ಅರಸದೆ ಊರಿಗೆ ಮರಳಿ ಬೇಸಾಯಕ್ಕೆ ಇಳಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿಬಂದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಿಂದ ಮುಂದೆ ಹುಣಸೂರಿನ ಶಾಸಕರಾಗಿ ದೀರ್ಘಕಾಲ ದುಡಿದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ಪ್ರಬಲ ನಾಯಕರೆಲ್ಲ ಒಂದು ಕಡೆಗೆ ಸರಿದರೆ, ಅರಸು ಇಂದಿರಾ ಗಾಂಧಿಯವರ ಕಡೆಗೆ ನಿಂತರು. 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಪಡೆದದ್ದು ಅವರ ಕಾಲದಲ್ಲಿಯೇ.

ಆ ಹೊತ್ತಿಗೆ ನೆಲದ ಪ್ರಶ್ನೆ ಹಳೆಯದಾಗಿತ್ತು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ನಡೆಸಿದ್ದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾಗಿದ್ದರು. ನಮ್ಮ ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿಯ 1948ರ ಕಾಯಿದೆಯನ್ನು ನಮ್ಮ ಜನ ಕುಳ ಕಾಯಿದೆ ಎಂದು ಕರೆದರು. ಮೈಸೂರು ಭೂಸುಧಾರಣೆ ಕಾಯಿದೆ 1961ರಲ್ಲಿ ರಚನೆಯಾಗಿ 1965ರಲ್ಲಿ ಜಾರಿಗೆ ಬಂದಿತು. ಕಾಯಿದೆಗಳು ಇದ್ದವು, ಆದರೆ ಅವುಗಳಲ್ಲಿ ಧಣಿ ನುಸುಳಿ ಹೋಗುವಷ್ಟು ಕಿಂಡಿಗಳೂ ಇದ್ದವು. ಸ್ವಂತ ಸಾಗುವಳಿಗೆ ಬೇಕೆಂದು ಹೇಳಿ ಉಳುವವನನ್ನು ಎಬ್ಬಿಸುವುದು ಸುಲಭವಾಗಿತ್ತು.

ಅರಸು ಸರಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಅದು ಗೇಣಿ ಪದ್ಧತಿಯನ್ನೇ ಬುಡಸಮೇತ ಕಿತ್ತಿತು. ಆ ದಿನ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನು ಏಳನೆಯ ನಮೂನೆಯ ಅರ್ಜಿ ಕೊಟ್ಟು ಅದನ್ನು ತನ್ನ ಹೆಸರಿಗೆ ಪಡೆಯಬಹುದಾಗಿತ್ತು. ತೀರ್ಮಾನಕ್ಕೆ ತಾಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ರಚನೆಯಾದವು. ಉಪವಿಭಾಗಾಧಿಕಾರಿ ಅದರ ಅಧ್ಯಕ್ಷ. ಉಳಿದವರು ಊರಿನ ಜನರ ನಡುವಿನಿಂದ ಬಂದವರು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಇದರ ಮರ್ಮವನ್ನು ನಾವು ಗಮನಿಸಬೇಕು. ಧಣಿಗೆ ದೊಡ್ಡ ವಕೀಲ ಸಿಗುತ್ತಾನೆ, ಉಳುವವನಿಗೆ ಸಿಗುವುದಿಲ್ಲ; ವಕೀಲರೇ ಇಲ್ಲದಿದ್ದರೆ ಇಬ್ಬರೂ ತಮ್ಮ ತಮ್ಮ ಬಾಯಿಂದಲೇ ಮಾತನಾಡಬೇಕಾಗುತ್ತದೆ. ಸಾಕ್ಷಿಯಾಗಿ ಪಕ್ಕದ ಹೊಲದವನು ನಿಲ್ಲುತ್ತಾನೆ. ಜಮೀನಿನ ಮಿತಿಯನ್ನು ಉತ್ತಮ ನೀರಾವರಿಯಾದರೆ 10 ಎಕರೆ, ಕೇವಲ ಮಳೆಯನ್ನು ನಂಬಿದ ಒಣಭೂಮಿಯಾದರೆ 54 ಎಕರೆಯವರೆಗೆ ಎಂದು ನಿಗದಿಪಡಿಸಲಾಯಿತು. ಸುರತ್ಕಲ್ಲಿನ ಬಿ. ಸುಬ್ಬಯ್ಯ ಶೆಟ್ಟಿಯವರು ಭೂಸುಧಾರಣೆಯ ಸಚಿವರಾಗಿ ಇದರ ಜಾರಿಗೆ ಶ್ರಮಿಸಿದರು. ಲಕ್ಷಾಂತರ ಅರ್ಜಿಗಳು ಬಂದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಅದರ ಫಲ ಹೆಚ್ಚು ಕಂಡಿತು. ಗೇಣಿ ಅಳೆಯಲು ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವನ ಮಗ ಹಕ್ಕುಪತ್ರ ಹಿಡಿದು ತನ್ನ ಹೊಲದ ಬದುವಿನ ಮೇಲೆ ನಿಂತನು.

ಸಾಲವೂ ಬಂಧನವೂ

ಎರಡನೆಯ ಹೆಜ್ಜೆ ಜೀತಕ್ಕೆ ಸಂಬಂಧಿಸಿದ್ದು. ಬಲವಂತದ ದುಡಿಮೆಯನ್ನು ನಮ್ಮ ಸಂವಿಧಾನದ 23ನೆಯ ವಿಧಿ ನಿಷೇಧಿಸಿದೆ. ಆದರೆ ಜೀತವನ್ನೇ ಹೆಸರಿಸಿ ಶಿಕ್ಷಿಸುವ ರಾಷ್ಟ್ರೀಯ ಕಾನೂನು ಬಂದದ್ದು 1975ರ ಅಕ್ಟೋಬರ್‌ನ ಸುಗ್ರೀವಾಜ್ಞೆಯಿಂದ. ಮರುವರ್ಷ ಅದು ಕಾಯಿದೆಯಾಯಿತು. ಅದರ ಪ್ರಕಾರ ಜೀತದ ಸಾಲವೆಲ್ಲ ಆ ಕ್ಷಣದಿಂದ ಸತ್ತಂತೆ. ಒತ್ತೆಯಿಟ್ಟ ಆಸ್ತಿಯನ್ನು ಮರಳಿಸಬೇಕು. ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆಮನೆ. ಅರಸು ಇದನ್ನು ಕಡತದಲ್ಲಿ ಮಲಗಲು ಬಿಡಲಿಲ್ಲ. ಅಧಿಕಾರಿಗಳನ್ನು ಹಳ್ಳಿಗಳಿಗೆ ಕಳುಹಿಸಿ ಜೀತದಾಳುಗಳನ್ನು ಗುರುತಿಸಿ ಬಿಡಿಸುವ ಕೆಲಸಕ್ಕೆ ತೊಡಗಿಸಿದರು. ಸಣ್ಣ ರೈತರ, ಭೂಹೀನ ಕೂಲಿಗಳ ಹಳೆಯ ಸಾಲದಿಂದ ಬಿಡುಗಡೆ ನೀಡುವ ಋಣಪರಿಹಾರ ಕಾಯಿದೆಯನ್ನು 1976ರಲ್ಲಿ ತಂದರು. ಅಂದಿನಿಂದ ಕರ್ನಾಟಕದಲ್ಲಿ ಗುರುತಿಸಿ ಬಿಡಿಸಲಾದ ಜೀತದಾಳುಗಳ ಸಂಖ್ಯೆ 60 ಸಾವಿರವನ್ನು ಮೀರಿದೆ. ಮನುಷ್ಯನ ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದ್ದೂ ಈ ಕಾಲದಲ್ಲಿಯೇ.

ಸಾಲವನ್ನೂ ಬಂಧನವನ್ನೂ ಒಟ್ಟಿಗೆ ಕತ್ತರಿಸಬೇಕೆಂಬ ಈ ತಿಳುವಳಿಕೆ ನಮಗೆ ಹೊಸದೇ? ಝಕಾತನ್ನು ಯಾರಿಗೆ ಕೊಡಬೇಕೆಂದು ಕುರ್‌ಆನ್‌ನ ಒಂಬತ್ತನೆಯ ಅಧ್ಯಾಯದ 60ನೆಯ ಸೂಕ್ತ ಎಂಟು ವರ್ಗಗಳನ್ನು ಎಣಿಸುತ್ತದೆ. ಅದರಲ್ಲಿ ಕೊರಳು ಬಿಡಿಸುವುದರ ಬೆನ್ನಿಗೇ ಸಾಲದಲ್ಲಿ ಮುಳುಗಿದವರ ಉಲ್ಲೇಖವಿದೆ. ಜೀತ ಹುಟ್ಟುವುದು ಸರಿಯಾಗಿ ಈ ಎರಡರ ನಡುವಿನ ಜಾಗದಲ್ಲಿ. ತನ್ನ ಬಿಡುಗಡೆಗಾಗಿ ಒಪ್ಪಂದ ಬರೆದುಕೊಡಿರೆಂದು ಗುಲಾಮನು ಕೇಳಿದರೆ ಬರೆದುಕೊಡಿರಿ ಎಂದು ಅನ್ನೂರ್ ಅಧ್ಯಾಯದ 33ನೆಯ ಸೂಕ್ತ ಆದೇಶಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಅಲ್ಲಾಹನು ನಿಮಗೆ ಕೊಟ್ಟ ಸಂಪತ್ತಿನಿಂದ ಅವರಿಗೂ ಕೊಡಿರಿ ಎನ್ನುತ್ತದೆ. ಬರಿಗೈಯಲ್ಲಿ ಬಿಡುವುದು ಬಿಡುಗಡೆಯಲ್ಲ ಎಂಬುದು ಇದರ ಭಾವ.

ಹ. ಸಲ್ಮಾನ್ ಫಾರಿಸಿ(ರ)ಯವರ ವೃತ್ತಾಂತ ಇದಕ್ಕೆ ಉಜ್ವಲ ನಿದರ್ಶನ. ಅವರ ಬಿಡುಗಡೆಗೆ ಒಡೆಯ ಕೇಳಿದ ಬೆಲೆ 300 ಖರ್ಜೂರದ ಗಿಡಗಳು ಮತ್ತು 40 ಊಕಿಯಾ ಚಿನ್ನ. ಪ್ರವಾದಿ ಮುಹಮ್ಮದ್(ಸ) ತಮ್ಮ ಸಂಗಾತಿಗಳನ್ನು ಕರೆದು, ಸಹೋದರನಿಗೆ ನೆರವಾಗಿರೆಂದರು. ಒಬ್ಬರು ಮೂವತ್ತು, ಇನ್ನೊಬ್ಬರು ಇಪ್ಪತ್ತು, ಮತ್ತೊಬ್ಬರು ಹತ್ತು ಎಂದು ಸಸಿಗಳನ್ನು ತಂದರು. ಸಲ್ಮಾನ್(ರ) ಕುಳಿ ತೋಡಿದರು. ಪ್ರವಾದಿಯವರು(ಸ) ತಮ್ಮ ಕೈಯಿಂದಲೇ ಸಸಿಗಳನ್ನು ನೆಟ್ಟರು. ಒಬ್ಬ ಮನುಷ್ಯನ ಕೊರಳು ಬಿಡಿಸಲು ಒಂದು ಸಮಾಜವೇ ಮಣ್ಣಿಗಿಳಿದ ದೃಶ್ಯವಿದು.

ಅರಸು ಇಸ್ಲಾಮಿನ ಅನುಯಾಯಿಯಾಗಿರಲಿಲ್ಲ. ಅವರನ್ನು ನಮ್ಮವರನ್ನಾಗಿ ಮಾಡಿಕೊಳ್ಳುವ ಅಗತ್ಯವೂ ನಮಗಿಲ್ಲ. ನ್ಯಾಯವನ್ನು ಯಾರು ಮಾಡಿದರೂ ಅದನ್ನು ನ್ಯಾಯವೆಂದು ಗುರುತಿಸುವುದು ವಿಶ್ವಾಸಿಯ ಕರ್ತವ್ಯ. ಪ್ರವಾದಿತ್ವಕ್ಕೆ ಮೊದಲು ಮಕ್ಕಾದ ಕೆಲವು ಗೋತ್ರಗಳು ದುರ್ಬಲರ ರಕ್ಷಣೆಗಾಗಿ ಮಾಡಿಕೊಂಡ ‘ಹಿಲ್ಫುಲ್ ಫುಝೂಲ್’ ಒಪ್ಪಂದವನ್ನು ಪ್ರವಾದಿಯವರು(ಸ) ಮುಂದೆಯೂ ಅಭಿಮಾನದಿಂದ ನೆನೆಯುತ್ತಿದ್ದರು. ಇನ್ನೊಂದು ಋಣವೂ ನಮ್ಮ ಮೇಲಿದೆ. 1972ರಲ್ಲಿ ಅರಸು ನೇಮಿಸಿದ ಎಲ್.ಜಿ. ಹಾವನೂರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಅದನ್ನು ಆಧರಿಸಿ 1977ರಲ್ಲಿ ಹೊರಟ ಸರಕಾರಿ ಆದೇಶದಲ್ಲಿ ಮುಸ್ಲಿಮರಿಗೂ ಸ್ಥಾನ ದೊರೆಯಿತು. ನಮ್ಮ ಮನೆಗಳಿಂದ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಎಷ್ಟೋ ಮಕ್ಕಳ ದಾರಿ ಅಂಥ ಆದೇಶಗಳಿಂದ ತೆರೆದದ್ದು.

ತಕ್ಕಡಿಯ ಇನ್ನೊಂದು ತಟ್ಟೆ

ಯಾರ ಬದುಕನ್ನೂ ಒಂದೇ ತಟ್ಟೆಯಲ್ಲಿ ತೂಗಬಾರದು. ಅರಸು ಅವರ ಸುಧಾರಣೆಯ ಬಹುಭಾಗ ನಡೆದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. ನಾಗರಿಕರ ಸ್ವಾತಂತ್ರ್ಯ ಕಿತ್ತುಹೋಗಿದ್ದ ದಿನಗಳು ಅವು. ಅವರ ಆಡಳಿತದ ಮೇಲಿನ ಭ್ರಷ್ಟಾಚಾರದ ಆರೋಪಗಳ ವಿಚಾರಣೆಗೆ 1977ರಲ್ಲಿ ಕೇಂದ್ರ ಸರಕಾರ ಗ್ರೋವರ್ ಆಯೋಗವನ್ನು ನೇಮಿಸಿತು. ಭೂಮಿ ಸಿಕ್ಕಿದ್ದು ಬಹುಪಾಲು ಗೇಣಿದಾರರಿಗೆ. ಗೇಣಿಗೂ ನೆಲವಿಲ್ಲದೆ ಕೇವಲ ಕೂಲಿಯಾಗಿದ್ದ ದಲಿತರಿಗೆ ದಕ್ಕಿದ್ದು ಕಡಿಮೆ. ದೊಡ್ಡ ಧಣಿಗಳ ಜೊತೆಗೆ, ತುಂಡು ಹೊಲವನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರೂ ನೆಲ ಕಳೆದುಕೊಂಡರು. ನ್ಯಾಯದ ಕತ್ತಿಯೂ ಎಚ್ಚರ ತಪ್ಪಿದರೆ ಬಡವರನ್ನು ಕೊಯ್ಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

1979ರಲ್ಲಿ ಅರಸು ಇಂದಿರಾ ಗಾಂಧಿಯವರಿಂದ ದೂರವಾದರು. 1980ರ ಜನವರಿಯಲ್ಲಿ ಅಧಿಕಾರವೂ ಹೋಯಿತು. ಅವರು ಬೆಳೆಸಿದವರಲ್ಲಿ ಅನೇಕರು ಅವರನ್ನು ಬಿಟ್ಟು ನಡೆದರು. 1982ರ ಜೂನ್ 6ರಂದು ಅವರು ಕಣ್ಮುಚ್ಚಿದರು. ಸ್ಟೀವನ್ಸ್ ಕೇಳಿ ಪಡೆಯಲಾಗದ ನೆಲವನ್ನು ಅರಸು ಒಂದಷ್ಟು ಜನರಿಗಾದರೂ ಕೊಡಿಸಿದರು. ಆದರೆ ಜೀತದಿಂದ ಬಿಡುಗಡೆಯಾದವರ ಪಾಲಿಗೆ ಸ್ಟೀವನ್ಸ್ ಎತ್ತಿದ ಪ್ರಶ್ನೆಯೇ ಉಳಿಯಿತು. 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಧ್ಯಪ್ರದೇಶದ ಒಂದು ಮೊಕದ್ದಮೆಯಲ್ಲಿ ಇದನ್ನೇ ಹೇಳಿತು: ಬಿಡಿಸಿದ ಮೇಲೆ ಬದುಕು ಕಟ್ಟಿಕೊಡದಿದ್ದರೆ ಅವರು ಹಳೆಯ ಬಂಧನಕ್ಕೇ ಮರಳುತ್ತಾರೆ, ಆದ್ದರಿಂದ ಪುನರ್ವಸತಿ ಸರಕಾರದ ಕರ್ತವ್ಯ.

ನಮ್ಮ ಮುಂದಿರುವ ಏರು

ಇಂದು ಜೀತ ಎಂಬ ಪದವನ್ನು ಯಾರೂ ಬಳಸುವುದಿಲ್ಲ, ‘ಮುಂಗಡ’ ಎನ್ನುತ್ತಾರೆ. ಕಬ್ಬು ಕಡಿಯುವ ಗುಂಪು ಮುಂಗಡ ಪಡೆದು ಊರು ಬಿಡುತ್ತದೆ. ಇಟ್ಟಿಗೆಭಟ್ಟಿಗೆ ಹೋಗುವ ಕುಟುಂಬ ಮುಂಗಡದ ಜೊತೆಗೆ ಮಕ್ಕಳ ಶಾಲೆಯನ್ನೂ ಒತ್ತೆಯಿಡುತ್ತದೆ. ಮಗ್ಗದ ಮುಂದೆ ಕುಳಿತವನು ಮಾಲೀಕನ ಮುಂಗಡ ತೀರುವವರೆಗೆ ಬೇರೆ ಮಗ್ಗಕ್ಕೆ ಹೋಗುವಂತಿಲ್ಲ. ಮುಂಗಡವೆಲ್ಲವೂ ಜೀತವಲ್ಲ, ಆದರೆ ತೀರಿಸಿ ಹೊರಡುವ ದಾರಿ ಮುಚ್ಚಿದ ದಿನ ಅದು ಜೀತವಾಗುತ್ತದೆ. ಹೀಗೆ ದುಡಿಯುವವರಲ್ಲಿ ನಮ್ಮ ಸಮುದಾಯದವರಿದ್ದಾರೆ, ದುಡಿಸಿಕೊಳ್ಳುವವರಲ್ಲಿಯೂ ಇದ್ದಾರೆ. ಎರಡನ್ನೂ ಒಪ್ಪಿಕೊಳ್ಳುವ ಧೈರ್ಯ ನಮಗಿರಬೇಕು.

ಅಂತಿಮ ದಿನದಂದು ಮೂವರ ವಿರುದ್ಧ ಸ್ವತಃ ಅಲ್ಲಾಹನೇ ವಾದಿಯಾಗುವನೆಂದು ಬುಖಾರಿಯಲ್ಲಿ ವರದಿಯಾದ ಹದೀಸ್ ಎಚ್ಚರಿಸುತ್ತದೆ. ಅವನ ಹೆಸರಿನಲ್ಲಿ ಮಾತುಕೊಟ್ಟು ಮುರಿದವನು ಒಬ್ಬ, ಸ್ವತಂತ್ರ ಮನುಷ್ಯನನ್ನು ಮಾರಿ ಬೆಲೆ ತಿಂದವನು ಇನ್ನೊಬ್ಬ. ಮೂರನೆಯವನು ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನು. ಮನುಷ್ಯನನ್ನು ಮಾರಿದವನ ಪಕ್ಕದಲ್ಲಿಯೇ ಕೂಲಿ ಹಿಡಿದವನು ನಿಲ್ಲುತ್ತಾನೆ ಎಂಬುದನ್ನು ಅಂಗಡಿಯಲ್ಲಿ ಹುಡುಗನನ್ನು ಇಟ್ಟುಕೊಂಡವರು, ಮನೆಗೆಲಸಕ್ಕೆ ಹೆಣ್ಣುಮಗಳನ್ನು ಕರೆಸಿಕೊಂಡವರು ಒಮ್ಮೆ ಯೋಚಿಸಬೇಕು.

ಪ್ರತಿ ರಮಝಾನಿನಲ್ಲಿ ನಮ್ಮ ಊರುಗಳಿಂದ ಝಕಾತ್ ಹೊರಡುತ್ತದೆ. ಅದು ನೂರು, ಇನ್ನೂರು ರೂಪಾಯಿಗಳಾಗಿ ಚೆಲ್ಲಿಹೋಗಿ, ಹಬ್ಬ ಮುಗಿಯುವ ಹೊತ್ತಿಗೆ ಯಾರ ಕಷ್ಟವೂ ತೀರಿರುವುದಿಲ್ಲ. ಒಂದು ಜಮಾಅತಿನವರು ಕೂಡಿ, ವರ್ಷಕ್ಕೆ ಒಂದೇ ಒಂದು ಕುಟುಂಬದ ಮುಂಗಡವನ್ನು ಪೂರ್ತಿ ತೀರಿಸಿ, ಅದರ ಕೈಗೆ ಒಂದು ಮಗ್ಗವನ್ನೋ ಹೊಲಿಗೆ ಯಂತ್ರವನ್ನೋ ಎರಡು ಆಡುಗಳನ್ನೋ ಕೊಟ್ಟರೆ, ಹತ್ತು ವರ್ಷಗಳಲ್ಲಿ ಹತ್ತು ಕುಟುಂಬಗಳು ನೆಟ್ಟಗೆ ನಿಂತಾವು. ಸಲ್ಮಾನ್(ರ)ರವರಿಗಾಗಿ ಮದೀನಾದ ಜನ ಸಸಿಗಳನ್ನು ಕೂಡಿಸಿದ ರೀತಿ ಇದೇ ಅಲ್ಲವೇ? ಕಾನೂನು ಮಾಡಲು ನಮ್ಮಲ್ಲಿ ಎಲ್ಲರೂ ಮುಖ್ಯಮಂತ್ರಿಗಳಲ್ಲ. ಆದರೆ ಒಂದು ಸಸಿಯನ್ನು ತರಲಾರದಷ್ಟು ಬಡವರೂ ನಾವಲ್ಲ.

ಕೊರಳು ಬಿಡಿಸುವ ಏರುದಾರಿಯಲ್ಲಿ ಒಂದು ಹೆಜ್ಜೆಯನ್ನಾದರೂ ಇಡುವ ಶಕ್ತಿಯನ್ನು ಅಲ್ಲಾಹನು ನಮಗೆ ಕರುಣಿಸಲಿ. ನಮ್ಮಿಂದ ಯಾರ ಕೊರಳಿಗೂ ಉರುಳು ಬೀಳದಂತೆ ನಮ್ಮನ್ನು ಕಾಪಾಡಲಿ. ಆಮೀನ್.